ಪತ್ರಿ ಹರಿದೆವು, ಗಿಡ ನೆಟ್ಟೆವೆ?

ಬೆಳಗಿನ ಜಾವದಲ್ಲಿ ಸ್ನಾನ ಮುಗಿಸಿ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡ ಭಕ್ತನ ಬಲಗೈ ತಾನಾಗಿಯೇ ಅರಸುವ ವಸ್ತುಗಳು ಎರಡು. ಒಂದು ವಿಭೂತಿ, ಇನ್ನೊಂದು ಪತ್ರಿ. ವಿಭೂತಿಯು ಅಷ್ಟಾವರಣಗಳಲ್ಲಿ ಒಂದಾಗಿದೆ. ಪತ್ರಿಯು ಆ ಎಂಟರ ಲೆಕ್ಕದಲ್ಲಿ ಸೇರಿದ್ದಲ್ಲ. ಆದರೂ ಪತ್ರಿಯಿಲ್ಲದ ದಿನ ಪೂಜೆಯಲ್ಲಿ ಏನೋ ಕೊರೆಯಾಯಿತೆಂದು ನಮ್ಮ ತಾಯಂದಿರ ಮನಸ್ಸು ಅಳುಕುತ್ತದೆ. ಅಷ್ಟರಮಟ್ಟಿಗೆ ಬಿಲ್ವದ ಎಲೆಯು ನಮ್ಮ ಮನೆತನಗಳಲ್ಲಿ ಬೆರೆತುಹೋಗಿದೆ.

ಸದ್ಭಕ್ತರೆ, ಈ ತಿಂಗಳು ನಾವು ನಿಮ್ಮ ಮುಂದೆ ಎರಡು ಪ್ರಶ್ನೆಗಳನ್ನು ಇಡುತ್ತೇವೆ. ನಿತ್ಯವೂ ಬಿಲ್ವದ ಎಲೆಯನ್ನು ಕೈಯಲ್ಲಿ ಹಿಡಿಯುವ ನಿಮ್ಮ ಮನೆಯಲ್ಲಿ ಬಿಲ್ವದ ಹಣ್ಣನ್ನು ಉಂಡವರು ಎಷ್ಟು ಜನ? ಬಿಲ್ವದ ಗಿಡವನ್ನು ನೆಟ್ಟವರು ಎಷ್ಟು ಜನ? ಉತ್ತರ ಹೇಳಲು ಸಂಕೋಚವೆನಿಸಿದರೆ ನೊಂದುಕೊಳ್ಳಬೇಡಿ. ನಾವೂ ಮೊನ್ನೆಮೊನ್ನೆಯವರೆಗೆ ನಿಮ್ಮ ಸಾಲಿನಲ್ಲಿಯೇ ಇದ್ದೆವು.

ಕಳೆದ ಮಹಾಶಿವರಾತ್ರಿಯ ನಿಮಿತ್ತ ಪ್ರವಚನಕ್ಕೆಂದು ಐರಣಿಗೆ ಹೋಗಿದ್ದೆವು. ರಾಣೇಬೆನ್ನೂರು ತಾಲೂಕಿನ ಈ ಗ್ರಾಮವು ತುಂಗಭದ್ರೆಯ ದಂಡೆಯ ಮೇಲಿದೆ. ಹೊಳೆಮಠದ ಹೆಸರಿನಿಂದ ಸುತ್ತಣ ಭಕ್ತರಿಗೆಲ್ಲ ಪರಿಚಿತವಾದ ಊರು. ನಾವು ಇಳಿದುಕೊಂಡಿದ್ದ ಮನೆಗೆ ಮುಂಜಾನೆ ಹೂಗಾರ ಮನೆತನದ ವೃದ್ಧೆಯೊಬ್ಬರು ಪತ್ರಿ ತಂದುಕೊಟ್ಟರು. ಮನೆಮನೆಗೆ ಹೂವು ಪತ್ರಿಗಳನ್ನು ಮುಟ್ಟಿಸಿ, ಸುಗ್ಗಿಯ ಕಾಲಕ್ಕೆ ಕಾಳುಕಡಿ ಪಡೆಯುವುದು ನಮ್ಮ ಭಾಗದ ಹೂಗಾರರ ತಲೆತಲಾಂತರದ ಕಾಯಕ. ಹಬ್ಬದ ದಿನವಾಗಿಯೂ ಆ ತಾಯಿಯ ಪುಟ್ಟಿಯಲ್ಲಿ ಎರಡು ಹಿಡಿ ಪತ್ರಿಗಿಂತ ಹೆಚ್ಚಿರಲಿಲ್ಲ.

“ಇಷ್ಟ ಸಿಕ್ಕಾವ್ರೀ ಶಾಸ್ತ್ರಿಗಳ. ಗಿಡಾ ನೋಡಿದ್ರ ನಿಮ್ಮ ಹೊಟ್ಟಿ ಉರೀತೈತಿ” ಎಂದರು.

“ಯಾಕ ತಾಯಿ, ಏನಾತು?” ಎಂದು ಕೇಳಿದೆವು.

“ಬರ್ರಿ, ತೋರಸ್ತೀನಿ.”

ಊರ ಹೊರಗಿನ ಹೊಲವೊಂದರ ಬದುವಿನಲ್ಲಿ ಆ ಮರವಿತ್ತು. ಆಳೆತ್ತರದವರೆಗೆ ಒಂದು ಎಲೆಯೂ ಇರಲಿಲ್ಲ. ಮಣಿಕಟ್ಟಿನಷ್ಟು ದಪ್ಪದ ಕೊಂಬೆಗಳು ತೊಗಟೆಸಹಿತ ಸೀಳಿ ಜೋತುಬಿದ್ದಿದ್ದವು. ಹಿಂದಿನ ರಾತ್ರಿ ಯಾರೋ ವಾಹನ ತಂದು ಟೊಂಗೆಗಳನ್ನೇ ಮುರಿದು ಹೇರಿಕೊಂಡು ಹೋಗಿದ್ದರು. ಮರದ ತುದಿಯಲ್ಲಿ ಉಳಿದ ಕೆಲವು ಹಣ್ಣುಗಳು ತೂಗುತ್ತಿದ್ದವು. ಕೆಳಗೆ ಬಿದ್ದೊಡೆದ ಹಣ್ಣಿಗೆ ಇರುವೆ ಮುತ್ತಿತ್ತು. ಇನ್ನೊಂದು ಹಣ್ಣನ್ನು ಹುಡುಗರು ಚೆಂಡಿನಂತೆ ಒದೆಯುತ್ತಿದ್ದರು. “ಇದನ್ನು ತಿಂದು ನೋಡಿದ್ದೀರೇನ್ರೋ?” ಎಂದು ಕೇಳಿದೆವು. ಒಬ್ಬನು ಕಣ್ಣರಳಿಸಿ, “ಇದನ್ನ ತಿಂತಾರೇನ್ರೀ ಅಜ್ಜಾರ?” ಎಂದ.

ಶಿವನಿಗೆ ಅರ್ಪಿತವಾಗಬೇಕಾದ ಎಲೆಗಾಗಿ ಶಿವನ ಮರವನ್ನೇ ಸೀಳಿದ್ದೆವು. ಆ ಮರವು ವರ್ಷವಿಡೀ ಹೊತ್ತು ಕೊಟ್ಟ ಹಣ್ಣು ಕಾಲಿನ ಕೆಳಗಿತ್ತು. ಅಂದಿನ ಪ್ರವಚನದಲ್ಲಿ ನಮಗೆ ಮಾತು ಸರಾಗವಾಗಿ ಬರಲಿಲ್ಲ.

ಬರದಿರಲು ಇನ್ನೊಂದು ಕಾರಣವೂ ಇತ್ತು. ಈಗ್ಗೆ ಐವತ್ತು ವರ್ಷಗಳ ಹಿಂದೆ, ನಾವು ವಟುವಾಗಿ ಮಠವೊಂದರಲ್ಲಿ ಓದುತ್ತಿದ್ದಾಗ, ಪತ್ರಿ ತರುವ ಪಾಳಿ ನಮ್ಮದಿತ್ತು. ಚಳಿಗೆ ಬೇಸತ್ತು, ಮುಳ್ಳಿಗೆ ಹೆದರಿ, ಒಂದೇ ಜಗ್ಗಿಗೆ ಕೊಂಬೆಯನ್ನು ಮುರಿದು ತಂದೆವು. ಗುರುಗಳು ಬೈಯಲಿಲ್ಲ. ಹಿಂದಿನ ದಿನದ ಪತ್ರಿಯನ್ನು ನೀರಿನಲ್ಲಿ ತೊಳೆದು ಅದರಿಂದಲೇ ಪೂಜೆ ಮುಗಿಸಿದರು. ನಾವು ತಂದ ರಾಶಿಯತ್ತ ನೋಡಲಿಲ್ಲ. ಆಮೇಲೆ, “ಮರಿ, ಬಿಲ್ವ ಬಾಡಿದರೂ ಹಳಸುವುದಿಲ್ಲ. ಮುರಿದ ಕೊಂಬೆ ಮಾತ್ರ ಕೂಡುವುದಿಲ್ಲ” ಎಂದಷ್ಟೇ ಹೇಳಿ, ಮಳೆಗಾಲ ಬರುವವರೆಗೆ ಆ ಗಿಡಕ್ಕೆ ನೀರುಣಿಸುವ ಕೆಲಸವನ್ನು ನಮಗೆ ಒಪ್ಪಿಸಿದರು. ಆ ಮಾತಿನ ತೂಕವನ್ನು ಐರಣಿಯ ಮರದ ಕೆಳಗೆ ನಿಂತಾಗ ಮತ್ತೆ ಅರಿತೆವು.

ಈಗ ಮರದ ಪರಿಚಯ ಮಾಡಿಕೊಳ್ಳೋಣ. ಬಿಲ್ವವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ್ದು. ಸಸ್ಯಶಾಸ್ತ್ರಜ್ಞರು ಇದನ್ನು ‘ಈಗಲ್ ಮಾರ್ಮೆಲೋಸ್’ ಎಂದು ಕರೆಯುತ್ತಾರೆ. ಈ ಕುಲದಲ್ಲಿ ಇದೊಂದೇ ಜಾತಿ, ಇದಕ್ಕೆ ಒಡಹುಟ್ಟಿದವರಿಲ್ಲ. ನಮ್ಮಲ್ಲಿ ಹಲವರು ಬಿಲ್ವವನ್ನೂ ಬೆಳವಲವನ್ನೂ ಒಂದೇ ಎಂದು ತಿಳಿಯುತ್ತಾರೆ. ಅದು ತಪ್ಪು. ಬೆಳವಲದ, ಎಂದರೆ ಬೇಲದ ಹಣ್ಣಿನ ಸಿಪ್ಪೆ ಬೂದುಬಣ್ಣದ್ದು, ಒರಟು. ಒಳಗಿನ ತಿರುಳು ಕಂದು, ಹುಳಿ. ಬಿಲ್ವದ ಸಿಪ್ಪೆ ನುಣುಪು. ಹಣ್ಣಾದಾಗ ಹಸಿರು ಮಾಸಿ ಹಳದಿಗೆ ತಿರುಗುತ್ತದೆ. ತಿರುಳು ಕೇಸರಿ ಛಾಯೆಯ ಹಳದಿ, ಸಿಹಿ, ಸುವಾಸನೆಯುಳ್ಳದ್ದು. ಎಲೆಯಲ್ಲಂತೂ ಸಂಶಯಕ್ಕೆ ಎಡೆಯೇ ಇಲ್ಲ. ಬಿಲ್ವದ್ದು ಮೂರು ದಳ. ಬೆಳವಲದ ಒಂದು ಕಡ್ಡಿಗೆ ಐದೋ ಏಳೋ ಚಿಕ್ಕ ದಳಗಳು.

ಈ ಮರದ ವರ್ಷಚಕ್ರವನ್ನು ಅರಿತವರು ಶಿವರಾತ್ರಿಯಲ್ಲಿ ಕೊಂಬೆ ಮುರಿಯಲಾರರು. ಮಾಘ, ಫಾಲ್ಗುಣಗಳ ಹೊತ್ತಿಗೆ ಎಲೆ ಹಣ್ಣಾಗಿ ಉದುರತೊಡಗುತ್ತದೆ. ನಮ್ಮ ಬೇಡಿಕೆ ಅತಿ ಹೆಚ್ಚಾಗುವುದೂ ಅದೇ ಸಮಯದಲ್ಲಿ. ಬೇಸಿಗೆಯಲ್ಲಿ ಹೊಸ ಚಿಗುರು, ಆ ಚಿಗುರಿನಲ್ಲಿಯೇ ಹಸಿರುಬಿಳುಪಿನ ಕಂಪಿನ ಹೂವು. ಆ ಹೂವು ಕಾಯಾಗಿ, ಬಲಿತು ಹಣ್ಣಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಮುಂದಿನ ವರ್ಷ ಬಸವ ಜಯಂತಿಯ ಸುಮಾರಿಗೆ ಹಣ್ಣು ಸಿದ್ಧ. ಆದುದರಿಂದ ಶಿವರಾತ್ರಿಯಂದು ಒಂದು ಕೊಂಬೆಯನ್ನು ಮುರಿದವನು ಮುಂಬರುವ ಚಿಗುರನ್ನೂ, ಹೂವನ್ನೂ, ಮರುವರ್ಷದ ಹಣ್ಣನ್ನೂ ಒಟ್ಟಿಗೆ ಮುರಿದಂತಾಯಿತು.

ಹಾಗಾದರೆ ಪತ್ರಿ ಹರಿಯಬಾರದೆ? ಅವಶ್ಯವಾಗಿ ಹರಿಯಬೇಕು, ಆದರೆ ಕ್ರಮವರಿತು. ಬಲಿತ ಎಲೆಯನ್ನು ಮಾತ್ರ, ತೊಟ್ಟಿನ ಬಳಿ, ಬೆರಳಿನಿಂದ ಬಿಡಿಸಬೇಕು. ಒಂದೇ ಕೊಂಬೆಯನ್ನು ಬೋಳುಮಾಡದೆ ಮರದ ಸುತ್ತಲಿಂದ ಅಷ್ಟಷ್ಟು ತೆಗೆಯಬೇಕು. ಎಳೆಚಿಗುರನ್ನು ಮುಟ್ಟಬಾರದು. ಪತ್ರಿಯನ್ನು ತೊಳೆದು ಮರಳಿ ಅರ್ಪಿಸಲು ಸಂಪ್ರದಾಯದಲ್ಲಿಯೇ ಸಮ್ಮತಿಯಿದೆ. ಅಂಗೈಯೊಳಗಿನ ಲಿಂಗಕ್ಕೆ ಒಂದು ತ್ರಿದಳ ಸಾಕು. ರಾಶಿ ಬೇಕಾಗಿರುವುದು ನಮ್ಮ ಕಣ್ಣಿಗೆ.

ಇನ್ನು ಹಣ್ಣಿನ ಮಾತು. ಸಾಮಾನ್ಯವಾಗಿ ಹಣ್ಣುಗಳೆಲ್ಲ ಪಕ್ವವಾದಾಗ ಗುಣದಲ್ಲಿ ಹೆಚ್ಚು. ಬಿಲ್ವ ಮಾತ್ರ ಎಳೆಯದಿದ್ದಾಗಲೇ ಔಷಧಕ್ಕೆ ಶ್ರೇಷ್ಠ ಎಂಬುದು ಆಯುರ್ವೇದದ ಮತ. ಎಳೆಗಾಯಿಯಲ್ಲಿ ಒಗರು ಹೆಚ್ಚು. ಅದು ಮಲವನ್ನು ಕಟ್ಟುತ್ತದೆ, ಜಠರಾಗ್ನಿಯನ್ನು ಉದ್ದೀಪಿಸುತ್ತದೆ. ಹಳೆಯ ಆಮಶಂಕೆ, ಭೇದಿಗಳಲ್ಲಿ ವೈದ್ಯರು ಒಣಗಿಸಿದ ಬಿಲ್ವದ ಕಾಯಿಯನ್ನು ಬಳಸುವುದು ಇದರಿಂದಲೇ. ಮಾಗಿದ ಹಣ್ಣು ಸಿಹಿ, ತಂಪು. ಆದರೆ ಜೀರ್ಣಕ್ಕೆ ಜಡ. ಮಿತವಾಗಿ ಉಂಡರೆ ಹಿತ, ಹೊಟ್ಟೆ ತುಂಬ ತಿಂದರೆ ಉಬ್ಬರ.

ಪಾನಕ ಮಾಡುವ ಬಗೆ ಸುಲಭ. ಚೆನ್ನಾಗಿ ಮಾಗಿದ ಹಣ್ಣನ್ನು ಕಲ್ಲಿಗೆ ಕುಟ್ಟಿ ಒಡೆದು ತಿರುಳನ್ನು ಚಮಚದಿಂದ ತೆಗೆಯಿರಿ. ತಿರುಳಿನ ಎರಡರಷ್ಟು ತಣ್ಣೀರಿನಲ್ಲಿ ಒಂದು ತಾಸು ನೆನೆಹಾಕಿರಿ. ಬಳಿಕ ಕೈಯಿಂದ ಮೆಲ್ಲಗೆ ಕಿವುಚಿ ಸೋಸಿರಿ. ಬೀಜದ ಸುತ್ತ ಅಂಟು ಇರುವುದರಿಂದ ಬೀಜಗಳನ್ನು ಅರೆಯಬಾರದು. ಅರೆದರೆ ಪಾನಕ ಕಹಿಯಾಗುತ್ತದೆ. ಬೆಲ್ಲ, ಏಲಕ್ಕಿ, ತುಸು ಶುಂಠಿ ಸೇರಿಸಿ, ಅಂದೇ ಕುಡಿದು ಮುಗಿಸಿರಿ. ಮಧ್ಯಮ ಗಾತ್ರದ ಒಂದು ಹಣ್ಣು ನಾಲ್ಕೈದು ಜನರ ಮನೆಗೆ ಸಾಕು. ಬಸವ ಜಯಂತಿಯ ಬಿಸಿಲಿನಲ್ಲಿ ದಾಸೋಹಕ್ಕೆ ಬಂದವರಿಗೆ ಕೊಡಲು ಇದಕ್ಕಿಂತ ಉಚಿತವಾದ ಪಾನೀಯ ನಮಗೆ ತೋರದು.

ಇದು ನಮಗೆ ಹೊಸತೆನಿಸಬಹುದು, ಲೋಕಕ್ಕೆ ಹೊಸತಲ್ಲ. ಒಡಿಶಾದಲ್ಲಿ ಏಪ್ರಿಲ್ ಮಧ್ಯದ ಸಂಕ್ರಾಂತಿಯಂದು ಬಿಲ್ವದ ಪಾನಕವನ್ನು ಹಂಚುವುದೇ ಹಬ್ಬ. ಆ ದಿನದ ಹೆಸರೇ ಪಣಾ ಸಂಕ್ರಾಂತಿ. ಉತ್ತರ ಭಾರತದ ಪಟ್ಟಣಗಳಲ್ಲಿ ಬೇಸಿಗೆಯುದ್ದಕ್ಕೂ ಬೀದಿಬದಿಯಲ್ಲಿ ಬಿಲ್ವದ ಶರಬತ್ತು ಮಾರುತ್ತಾರೆ. ಮುರಬ್ಬ ಮಾಡಿ ಇಡುತ್ತಾರೆ. ಥಾಯ್ಲೆಂಡಿನವರು ಒಣಗಿದ ಬಿಲ್ಲೆಗಳನ್ನು ಕುದಿಸಿ ‘ಮತೂಮ್’ ಎಂದು ಕುಡಿಯುತ್ತಾರೆ. ಶ್ರೀಲಂಕೆಯವರು ಒಣಗಿಸಿದ ಹೂವಿನಿಂದ ಕಷಾಯ ಮಾಡುತ್ತಾರೆ. ತಮಿಳುನಾಡಿನ ಶೈವರು ತಿರುಳು ತೆಗೆದ ಗಟ್ಟಿ ಬುರುಡೆಯನ್ನು ಒಣಗಿಸಿ ವಿಭೂತಿಯ ಕರಂಡಿಕೆಯಾಗಿ ಬಳಸುತ್ತಾರೆ. ಎಲೆಯನ್ನು ನಿತ್ಯ ಕಣ್ಣಿಗೊತ್ತಿಕೊಳ್ಳುವ ನಾವು ಉಳಿದುದನ್ನೆಲ್ಲ ಮಣ್ಣುಪಾಲು ಮಾಡಿದ್ದೇವೆ.

ಔಷಧವೆಂದೊಡನೆ ಎಚ್ಚರವನ್ನೂ ಹೇಳಬೇಕು. ಮಕ್ಕಳಿಗೆ ಭೇದಿಯಾದಾಗ ಪ್ರಾಣಕ್ಕೆ ಎರವಾಗುವುದು ದೇಹದ ನೀರು ಬತ್ತುವುದರಿಂದ. ಆಗ ಮೊದಲು ಮಾಡಬೇಕಾದದ್ದು ಬಿಲ್ವದ ಕಷಾಯವಲ್ಲ. ಆರೋಗ್ಯ ಕೇಂದ್ರದಲ್ಲಿ ಸಿಗುವ ಓಆರ್‌ಎಸ್ ಪುಡಿಯ ನೀರನ್ನು ಕೊಡಬೇಕು. ಅದು ಇಲ್ಲದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕುಗುಟುಕಾಗಿ ಕುಡಿಸುತ್ತಿರಬೇಕು. ಇಲ್ಲಿ ಚಮಚವೆಂದರೆ ಚಹಾದ ಸಣ್ಣ ಚಮಚ. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗರ್ಭಿಣಿಯರು ಪತ್ರಿಯ ರಸವನ್ನು ಔಷಧವಾಗಿ ಸೇವಿಸಬಾರದು.

ಮತ್ತೊಂದು ವಿಷಯವನ್ನು ಹೇಳುವಾಗ ನಮ್ಮ ತಲೆ ತಗ್ಗುತ್ತದೆ. ಕೆಲವು ವರ್ಷಗಳ ಹಿಂದೆ ಶ್ರಾವಣದ ಪ್ರವಚನವೊಂದರಲ್ಲಿ, ಮಾತಿನ ಓಘದಲ್ಲಿ, “ಬೆಳಿಗ್ಗೆ ಎದ್ದು ಪತ್ರಿಯ ರಸ ಕುಡಿದರೆ ಸಕ್ಕರೆ ರೋಗ ಹೇಳಹೆಸರಿಲ್ಲದಂತೆ ಹೋಗುತ್ತದೆ” ಎಂದುಬಿಟ್ಟೆವು. ಸಭೆ ಚಪ್ಪಾಳೆ ತಟ್ಟಿತು. ಮರುವರ್ಷ ಅದೇ ಊರಿಗೆ ಹೋದಾಗ, ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ ಭಕ್ತರೊಬ್ಬರು ಕಾಣಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆವು. ಅವರು ಗುಳಿಗೆ ನಿಲ್ಲಿಸಿ ಪತ್ರಿಯ ರಸವನ್ನಷ್ಟೇ ನಂಬಿದ್ದರು. ಕಾಲಿನ ಗಾಯ ಮಾಯದೆ ಕೊಳೆತು ಎರಡು ಬೆರಳುಗಳನ್ನು ತೆಗೆಯಬೇಕಾಗಿತ್ತು. ನಮ್ಮನ್ನು ಕಂಡು ಎದ್ದು ನಿಲ್ಲಲು ಯತ್ನಿಸಿ, “ನೀವ ಹೇಳಿದ್ರೆಲ್ಲಾ ಶಾಸ್ತ್ರಿಗಳ, ಅದಕ್ಕ ಬಿಟ್ಟೆ” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಗೆ ಹಗುರವಾಗುತ್ತಿತ್ತು.

ಬಿಲ್ವದ ಎಲೆಯ ಸಾರವು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ರಕ್ತದ ಸಕ್ಕರೆಯನ್ನು ಇಳಿಸಿದ್ದುಂಟು. ಆದರೆ ಮನುಷ್ಯರಲ್ಲಿ ಗುಳಿಗೆಯ ಅಥವಾ ಇನ್ಸುಲಿನ್ನಿನ ಸ್ಥಾನವನ್ನು ಅದು ತುಂಬಬಲ್ಲುದು ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲ. ಗುಳಿಗೆಯ ಜೊತೆಗೆ ರಸವನ್ನೂ ಕುಡಿದರೆ ಸಕ್ಕರೆ ಮಿತಿಮೀರಿ ಇಳಿದು ತಲೆಸುತ್ತು ಬರಲೂಬಹುದು. ಆದುದರಿಂದ ವೈದ್ಯರಿಗೆ ತಿಳಿಸದೆ ಯಾರೂ ಒಂದನ್ನು ಬಿಡಬಾರದು, ಇನ್ನೊಂದನ್ನು ಹಿಡಿಯಬಾರದು. ಪೀಠದ ಮೇಲೆ ಕುಳಿತು ಆಡಿದ ಮಾತು ಜನರಿಗೆ ಔಷಧಕ್ಕಿಂತ ಪ್ರಬಲ. ಅಂದು ನಾವು ಆಡಿದ ಮಾತನ್ನು ಇಂದು ಈ ಪುಟದಲ್ಲಿ ಹಿಂದಕ್ಕೆ ಪಡೆಯುತ್ತಿದ್ದೇವೆ.

ಬಿಲ್ವಕ್ಕೆ ಇನ್ನೊಂದು ಕಂಟಕವೂ ಇದೆ. ದಶಮೂಲವೆಂಬ ಪ್ರಸಿದ್ಧ ಔಷಧದ ಹತ್ತು ಬೇರುಗಳಲ್ಲಿ ಬಿಲ್ವದ ಬೇರು ಒಂದು. ಎಲೆ ಹರಿದರೆ ಮರ ಚಿಗುರೀತು, ಬೇರು ಅಗೆದರೆ ಉಳಿದೀತೆ? ಕಾಡಿನ ಬಿಲ್ವ ಕ್ಷೀಣಿಸುತ್ತಿರುವುದರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯದ ಅಂಚಿಗೆ ಸಮೀಪವಾದ ಸಸ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ನೆಡದೆ ಗತ್ಯಂತರವಿಲ್ಲ.

ನೆಡುವುದು ಕಷ್ಟವೂ ಅಲ್ಲ. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಸೀಮೆಯ ಎರೆ ಭೂಮಿಯಲ್ಲಿಯೂ ಮಸಾರಿ ನೆಲದಲ್ಲಿಯೂ ಬಿಲ್ವ ಬೆಳೆಯುತ್ತದೆ. ಸವುಳು ಭೂಮಿಯನ್ನೂ ಬರವನ್ನೂ ಸಹಿಸುತ್ತದೆ. ನೀರು ನಿಲ್ಲದ ಜಾಗವಾದರೆ ಉತ್ತಮ. ಎರೆ ಹೊಲದಲ್ಲಿ ಬದುವಿನ ಏರುನೆಲವನ್ನು ಆರಿಸಬೇಕು. ಬೇಸಿಗೆಯಲ್ಲಿಯೇ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣಿಗೆ ಎರಡು ಮೂರು ಬುಟ್ಟಿ ಕಳಿತ ತಿಪ್ಪೆಗೊಬ್ಬರ, ಒಂದು ಬೊಗಸೆ ಬೇವಿನ ಹಿಂಡಿ ಬೆರೆಸಿ ತುಂಬಿ, ಮೊದಲ ಒಳ್ಳೆಯ ಮಳೆಯ ಬಳಿಕ ಸಸಿಯನ್ನು ನೆಡಬೇಕು. ಸಾಲಾಗಿ ನೆಡುವವರು ಗಿಡದಿಂದ ಗಿಡಕ್ಕೆ 25 ಅಡಿ ಬಿಡಬೇಕು.

ಸಸಿಯನ್ನು ಮೂರು ಬಗೆಯಲ್ಲಿ ಪಡೆಯಬಹುದು. ಹಣ್ಣಿನ ಬೀಜವನ್ನು ಅಂಟು ಹೋಗುವಂತೆ ತೊಳೆದು ನೆರಳಿನಲ್ಲಿ ಒಣಗಿಸಿ, ತಡಮಾಡದೆ ಮಳೆಗಾಲದ ಆರಂಭಕ್ಕೆ ಬಿತ್ತಿದರೆ ಎರಡು ಮೂರು ವಾರಗಳಲ್ಲಿ ಮೊಳೆಯುತ್ತದೆ. ಹಳೆಯ ಮರದ ಬೇರಿನಿಂದ ಒಡೆದ ಮರಿಗಿಡವನ್ನು ಬೇರುಸಹಿತ ಕಿತ್ತು ನೆಡಬಹುದು. ಇವು ಪೂಜೆಯ ಪತ್ರಿಗೆ ಸಾಕು. ಬೀಜದ ಗಿಡ ಹಣ್ಣು ಬಿಡಲು ಏಳೆಂಟು ವರ್ಷ ಬೇಕು. ಹಣ್ಣಿನ ಅಪೇಕ್ಷೆಯುಳ್ಳವರು ಕಣ್ಣುಕಸಿಯ ಗಿಡವನ್ನು ತರಬೇಕು. ಅದು ನಾಲ್ಕೈದು ವರ್ಷಗಳಲ್ಲಿ ಫಲ ಕೊಡುತ್ತದೆ. ಪಂತನಗರದ ಪಂತ್ ಶಿವಾನಿ, ಪಂತ್ ಅಪರ್ಣಾ, ಫೈಜಾಬಾದಿನ ನರೇಂದ್ರ ಬೇಲ್, ಗೋಧ್ರಾದ ಗೋಮಾ ಯಶಿ ಮೊದಲಾದವು ಹೆಸರಾದ ತಳಿಗಳು. ಗೋಮಾ ಯಶಿಗೆ ಮುಳ್ಳಿನ ಕಾಟವಿಲ್ಲ. ಆದ್ದರಿಂದ ಮಕ್ಕಳಿರುವ ಮನೆಯ ಹಿತ್ತಲಿಗೂ ಒಗ್ಗುತ್ತದೆ. ಸಲಹೆ ಬೇಕಾದವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ದೇವಿಹೊಸೂರಿನ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಸಿಗಾಗಿ ಕೇಳಬೇಕು.

ಮೊದಲ ಎರಡು ಬೇಸಿಗೆಗಳಲ್ಲಿ ವಾರಕ್ಕೊಮ್ಮೆಯಾದರೂ ನೀರುಣಿಸಿ, ಬುಡಕ್ಕೆ ಒಣಹುಲ್ಲು ಮುಚ್ಚಬೇಕು. ಆಡು, ಕುರಿಗಳಿಗೆ ಸಿಗದಂತೆ ಜಾಲಿಮುಳ್ಳಿನ ಬೇಲಿ ಕಟ್ಟಬೇಕು. ನಿಂಬೆಗಿಡಕ್ಕೆ ಬರುವ ಚಿಟ್ಟೆಯ ಹುಳು ಬಿಲ್ವದ ಚಿಗುರನ್ನೂ ತಿನ್ನುತ್ತದೆ. ಎಳೆಯದಿದ್ದಾಗ ಹಕ್ಕಿಯ ಹಿಕ್ಕೆಯಂತೆ, ಬಲಿತಾಗ ಹಸಿರಾಗಿ ಕಾಣುತ್ತದೆ. ಮನೆಯ ಗಿಡವೊಂದಕ್ಕೆ ಔಷಧ ಸಿಂಪಡಿಸುವ ಅವಶ್ಯವಿಲ್ಲ. ಕೈಯಿಂದ ಆರಿಸಿ ತೆಗೆದರಾಯಿತು. ಪೂಜೆಗೂ ಪಾನಕಕ್ಕೂ ಬಳಸುವ ಗಿಡಕ್ಕೆ ವಿಷ ಸೋಕದಿರುವುದೇ ಲೇಸು. ಹಣ್ಣು ತಾನಾಗಿ ಬಿದ್ದರೆ ಒಡೆಯುತ್ತದೆ. ಬಣ್ಣ ತಿರುಗಿದೊಡನೆ ತೊಟ್ಟುಸಹಿತ ಕೊಯ್ದು ಮನೆಯಲ್ಲಿ ಮಾಗಿಸಬೇಕು.

ಹಾನಗಲ್ಲ ಕುಮಾರ ಶಿವಯೋಗಿಗಳು 1867ರಲ್ಲಿ ಜನಿಸಿದ್ದು ಇದೇ ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ. ಅವರು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದಾಗ, ವಿಭೂತಿಯನ್ನು ಶುದ್ಧವಾಗಿ ತಯಾರಿಸುವ ಏರ್ಪಾಡನ್ನೂ ಗೋಶಾಲೆಯನ್ನೂ ಅಲ್ಲಿಯೇ ಮಾಡಿದರು. ಪೂಜೆಯ ವಸ್ತುವನ್ನು ಪೂಜಿಸುವವರೇ ಸಿದ್ಧಪಡಿಸಿಕೊಳ್ಳಬೇಕೆಂಬ ಪಾಠ ಅದರಲ್ಲಿದೆ. ಪತ್ರಿಗೆ ಆ ಪಾಠವನ್ನು ಅನ್ವಯಿಸಿದರೆ ತಪ್ಪೇನು? ಮನೆಯಲ್ಲಿ ಮಗುವಿಗೆ ಲಿಂಗಧಾರಣೆಯಾದಾಗ ಒಂದು ಗಿಡ, ಹಿರಿಯರು ಲಿಂಗೈಕ್ಯರಾದಾಗ ಅವರ ನೆನಪಿಗೆ ಒಂದು ಗಿಡ. ಹಿತ್ತಲಿಲ್ಲದವರು ಊರಿನ ಮಠದ, ಶಾಲೆಯ, ರುದ್ರಭೂಮಿಯ ಆವರಣದಲ್ಲಿ ನೆಡಲಿ. ಆದರೆ ನೆಟ್ಟವನೇ ಎರಡು ಬೇಸಿಗೆ ನೀರೆರೆಯಲಿ.

ಕಳೆದ ಜ್ಯೇಷ್ಠದ ಮಳೆ ಬಿದ್ದಾಗ ನಾವು ಎರಡು ಸಸಿಗಳೊಂದಿಗೆ ಮತ್ತೆ ಐರಣಿಗೆ ಹೋದೆವು. ಸೀಳಿದ ಮರ ಸತ್ತಿರಲಿಲ್ಲ. ಗಾಯದ ಕೆಳಗೆ ಚಿಗುರು ಒಡೆದಿತ್ತು. ಹೂವು ಮಾತ್ರ ಮೇಲಿನ ಒಂದೆರಡು ಕೊಂಬೆಗಳಲ್ಲಿ ಬಿಟ್ಟು ಪುಟ್ಟ ಕಾಯಿ ಕಟ್ಟಿತ್ತು. ಅದೇ ಬದುವಿನಲ್ಲಿ, ಹೊಲದ ಯಜಮಾನರ ಒಪ್ಪಿಗೆ ಪಡೆದು, ಸಸಿಗಳನ್ನು ನೆಟ್ಟೆವು. ಶಿವರಾತ್ರಿಯಂದು ಹಣ್ಣು ಒದೆಯುತ್ತಿದ್ದ ಹುಡುಗನೇ ಮುಳ್ಳು ತಂದು ಬೇಲಿ ಕಟ್ಟಿದ. ಹೂಗಾರ ತಾಯಿ ಕೊಡದಲ್ಲಿ ನೀರು ತಂದರು.

“ತಾಯಿ, ಇದರ ಪತ್ರಿ ನಿಮ್ಮ ಪುಟ್ಟಿಗೆ ಬರಲಿ” ಎಂದೆವು.

“ಅಲ್ಲೀತನಾ ನಾ ಇರ್ತೀನೋ ಇಲ್ಲೋ ಶಾಸ್ತ್ರಿಗಳ. ಗಿಡಕ್ಕ ಅದೇನ ಗೊತ್ತು? ನೀರ ಹಾಕಿದ್ರ ಬೆಳೀತೈತಿ” ಎಂದು ಅವರು ಕೊಡವನ್ನು ಬಗ್ಗಿಸಿದರು.

ಈ ಮಾತಿಗೆ ನಾವು ಸೇರಿಸತಕ್ಕದ್ದು ಏನೂ ಇಲ್ಲ. ಮುಂದಿನ ಶಿವರಾತ್ರಿಗೆ ಪತ್ರಿ ಹರಿಯುವ ಮುನ್ನ ನಿಮ್ಮ ಮನೆಯವರೂ ಒಂದು ಗಿಡದ ಬುಡಕ್ಕೆ ನೀರೆರೆದಿರಲಿ.